ಊಟ ಮಾಡ್ತಿದೆಯಲ್ಲ, ಇನ್ನೆಲ್ಲಿ ನೋವು?

"ಊಟ ಚೆನ್ನಾಗಿ ಮಾಡ್ತಿದೆ ಸಾರ್, ನೋವೇನಿಲ್ಲ ಬಿಡಿ." ನಾಯಿಯ ಮುರಿದ ಹಲ್ಲನ್ನು ಕೀಳುವ ಮೊದಲು, ನಾಯಿ ಸಾಕಿದವರ ಬಾಯಲ್ಲಿ ಬೇರು ಬಿಟ್ಟಿರುವ ಈ ಮಾತನ್ನು ಕೀಳಬೇಕು. ಇದು ಸುಳ್ಳು. ಅದೂ ಎಂಥ ಅನುಕೂಲದ ಸುಳ್ಳು ಅಂದ್ರೆ, ಇದನ್ನು ಹೇಳಿದ ತಕ್ಷಣ ಆಸ್ಪತ್ರೆಗೆ ಹೋಗೋದು ತಪ್ಪುತ್ತೆ, ದುಡ್ಡು ಉಳಿಯುತ್ತೆ, ಶನಿವಾರವೂ ಉಳಿಯುತ್ತೆ. ನೋವು ಮಾತ್ರ ನಾಯಿಗೇ ಉಳಿಯುತ್ತೆ.

ನಮ್ಮ ಅಪಾರ್ಟ್‌ಮೆಂಟನ್ನೇ ನೋಡಿ. ನಾಯಿ ಹುಟ್ಟುಹಬ್ಬಕ್ಕೆ ಕೇಕ್ ತರಿಸ್ತೀವಿ. ಚಳಿಗಾಲಕ್ಕೆ ಸ್ವೆಟರ್, ದೀಪಾವಳಿಗೆ ಕುರ್ತಾ, ಇನ್‌ಸ್ಟಾಗ್ರಾಮ್‌ನಲ್ಲಿ ಅದರ ಹೆಸರಿಗೊಂದು ಅಕೌಂಟು. ಆದರೆ ಅದೇ ನಾಯಿಯ ಕೋರೆಹಲ್ಲು ಅರ್ಧಕ್ಕೆ ಮುರಿದಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಬರೆದರೆ ಹತ್ತು ನಿಮಿಷದಲ್ಲಿ ಹನ್ನೆರಡು ಉತ್ತರ, ಎಲ್ಲದರ ಸಾರಾಂಶ ಒಂದೇ: "ವೇಟ್ ಮಾಡಿ ನೋಡಿ." ಉತ್ತರ ಕೊಟ್ಟ ಇದೇ ಜನ ತಮ್ಮ ಹಲ್ಲಿಗೆ ತಣ್ಣೀರು ತಾಗಿ ಜುಮ್ ಅಂದರೆ ಮೀಟಿಂಗ್ ಅರ್ಧಕ್ಕೇ ಬಿಟ್ಟು ಡೆಂಟಿಸ್ಟ್ ಹತ್ತಿರ ಓಡ್ತಾರೆ. ಅವರು ಓಡೋದು ತಪ್ಪಲ್ಲ. ಹಲ್ಲುನೋವು ಅಂದರೆ ಏನು ಅಂತ ಅವರಿಗೆ ಗೊತ್ತು. ಗೊತ್ತಿದ್ದೂ ನಾಯಿಗೆ ಕಾಯೋಕೆ ಹೇಳ್ತಾರಲ್ಲ, ನನ್ನ ತಕರಾರು ಅಷ್ಟೇ.

ಹಲ್ಲು ಮುರಿದಾಗ ಒಳಗೆ ಏನಾಗುತ್ತೆ ಅಂತ ಒಂದು ನಿಮಿಷ ನೋಡೋಣ. ನಾಯಿ ಹಲ್ಲೂ ನಮ್ಮ ಹಲ್ಲಿನ ಹಾಗೇ. ಹೊರಗೆ ಎನಾಮೆಲ್, ಅದು ನಮ್ಮದಕ್ಕಿಂತ ತೆಳು. ಅದರ ಕೆಳಗೆ ಡೆಂಟಿನ್. ನಡುವೆ ಪಲ್ಪ್, ಅಂದರೆ ನರ ಮತ್ತು ರಕ್ತನಾಳಗಳಿರುವ ಜೀವಂತ ಭಾಗ. ಮುರಿತ ಪಲ್ಪ್‌ವರೆಗೆ ಹೋಗಿದ್ದರೆ ಮೊದಲು ಕೆಂಪು ಚುಕ್ಕೆ ಕಾಣುತ್ತೆ, ಕೆಲವೊಮ್ಮೆ ರಕ್ತ ಜಿನುಗುತ್ತೆ. ಆ ನರ ಗಾಳಿಗೆ, ನೀರಿಗೆ, ಅನ್ನಕ್ಕೆ ತೆರೆದುಕೊಂಡು ಕೂತಿರುತ್ತೆ. ಕೆಲವು ದಿನವೋ ವಾರವೋ ಕಳೆದ ಮೇಲೆ ಪಲ್ಪ್ ಸಾಯುತ್ತೆ, ಕೆಂಪು ಚುಕ್ಕೆ ಕಪ್ಪಾಗುತ್ತೆ. "ನೋಡಿ, ಈಗ ಸರಿ ಹೋಯ್ತು" ಅಂತ ನಾವು ಖುಷಿಪಡುವ ಹೊತ್ತು ಇದೇ. ಆ ಸತ್ತ ಪಲ್ಪ್ ಬ್ಯಾಕ್ಟೀರಿಯಾಗಳಿಗೆ ಬೇರಿನ ತುದಿಯವರೆಗೆ ಹೆದ್ದಾರಿ ಮಾಡಿಕೊಟ್ಟಿರುತ್ತೆ. ಅಲ್ಲಿಂದಾಚೆ ದವಡೆ ಮೂಳೆಯಲ್ಲಿ ಕೀವು.

ಹಾಗಾದರೆ ಅದು ಊಟ ಹೇಗೆ ಮಾಡುತ್ತೆ? ಹಸಿವಾಗುತ್ತೆ, ಅದಕ್ಕೇ ಮಾಡುತ್ತೆ. ಬಲಗಡೆ ಮುರಿದಿದ್ದರೆ ಎಡಗಡೆ ಅಗಿಯುತ್ತೆ. ಅಗಿಯೋಕೆ ಆಗದಿದ್ದರೆ ಹಾಗೇ ನುಂಗುತ್ತೆ. ನಾಯಿಯ ವಂಶವೇ ನೋವು ತೋರಿಸದೆ ಬದುಕಿ ಬಂದದ್ದು. ಆದರೂ ಅದು ಸುಳಿವು ಕೊಡ್ತಾನೇ ಇರುತ್ತೆ. ಬಾಲ್ ಹಿಡಿಯೋದು ಬಿಡುತ್ತೆ. ಬಿಸ್ಕತ್ತು ಬಾಯಿಂದ ಬೀಳುತ್ತೆ. ಒಂದು ಕಡೆಯ ಹಲ್ಲು ಮಾತ್ರ ಪಾಚಿ ಕಟ್ಟಿದ ಹಾಗೆ ಹಳದಿಯಾಗುತ್ತೆ, ಯಾಕಂದ್ರೆ ಆ ಕಡೆ ಅಗಿಯೋದೇ ಇಲ್ಲ. ಮುಖ ಮುಟ್ಟಿದರೆ ತಲೆ ತಿರುಗಿಸುತ್ತೆ. "ವಯಸ್ಸಾಯ್ತು, ಸ್ವಲ್ಪ ಸಿಡುಕು" ಅಂತ ನಾವು ಅದಕ್ಕೊಂದು ಸ್ವಭಾವ ಕಟ್ಟಿಬಿಡ್ತೀವಿ. ನಮ್ಮ ಕೆಲಸದ ಭಾಷೆಯಲ್ಲಿ ಹೇಳ್ತೀನಿ. ಲಾಗ್ ಫೈಲ್ ಖಾಲಿ ಇದೆ ಅಂದ ಮಾತ್ರಕ್ಕೆ ಬಗ್ ಇಲ್ಲ ಅಂತ ಯಾವ ಎಂಜಿನಿಯರೂ ಟಿಕೆಟ್ ಕ್ಲೋಸ್ ಮಾಡಲ್ಲ. ಆ ಸಿಸ್ಟಮ್‌ನಲ್ಲಿ ಲಾಗಿಂಗ್ ಆನ್ ಆಗಿದೆಯಾ ಅಂತ ಮೊದಲು ನೋಡ್ತಾನೆ. ನಾಯಿಯಲ್ಲಿ ಅದು ಬಹುತೇಕ ಆಫ್ ಆಗೇ ಇರುತ್ತೆ.

ನನ್ನ ಕೆಂಚಿಯ ಕಥೆ ಹೇಳಿದರೆ ಇದು ಇನ್ನೂ ಸ್ಪಷ್ಟವಾಗಬಹುದು. ಬೀದಿಯಲ್ಲಿ ಬೆಳೆದು ನಮ್ಮ ಮನೆಗೆ ಬಂದವಳು. ಬಂದ ಮೂರನೇ ತಿಂಗಳು ಕಣ್ಣಿನ ಕೆಳಗೆ ನಿಂಬೆಕಾಯಿಯಷ್ಟು ಬಾವು. ಮೊದಲು ತೋರಿಸಿದ ಕಡೆ "ಏನೋ ಹುಳ ಕಚ್ಚಿದೆ" ಅಂತ ಆಂಟಿಬಯಾಟಿಕ್ ಕೊಟ್ಟರು. ಇಳಿಯಿತು. ತಿಂಗಳಾಗುತ್ತಲೇ ಮತ್ತೆ ಅದೇ ಜಾಗದಲ್ಲಿ ಬಂತು. ಎರಡನೇ ಕಡೆಯ ಡಾಕ್ಟರು ಕಣ್ಣನ್ನು ನೋಡಲೇ ಇಲ್ಲ, ತುಟಿ ಎತ್ತಿ ನೋಡಿದರು. ಮೇಲಿನ ದೊಡ್ಡ ದವಡೆಹಲ್ಲು ಚಪ್ಪಡಿ ಸೀಳಿದ ಹಾಗೆ ಸೀಳಿತ್ತು. ಆ ಹಲ್ಲಿಗೆ ಮೂರು ಬೇರು. ಬೇರಿನ ತುದಿ ಕಣ್ಣಿನ ಸ್ವಲ್ಪ ಕೆಳಗೇ ಇರುತ್ತೆ, ಹಾಗಾಗಿ ಅಲ್ಲಿ ತುಂಬಿದ ಕೀವು ಕೆನ್ನೆಯಲ್ಲಿ ಬಾವಾಗಿ ಕಾಣುತ್ತೆ. ಹಲ್ಲನ್ನು ಹಾಗೇ ಬಿಟ್ಟು ಬಾವಿಗೆ ಮದ್ದು ಕೊಡೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆಂಟಿಬಯಾಟಿಕ್ ಕೀವನ್ನು ಸ್ವಲ್ಪ ದಿನ ಸುಮ್ಮನಿರಿಸುತ್ತೆ, ಸತ್ತ ಹಲ್ಲಿನೊಳಗಿನ ಮೂಲವನ್ನು ಅಳಿಸೋಕೆ ಅದಕ್ಕಾಗಲ್ಲ. ಎಕ್ಸ್‌ರೇ ತೆಗೆದು, ಹಲ್ಲನ್ನು ಮೂರು ಭಾಗ ಮಾಡಿ ಕಿತ್ತು, ವಸಡಿಗೆ ಹೊಲಿಗೆ ಹಾಕಿದರು. ಎರಡು ವಾರ ಮೆತ್ತಗಿನ ಅನ್ನ. ಆಮೇಲೆ ಒಂದು ಸಂಜೆ ಕೆಂಚಿ ಹಗ್ಗದ ಆಟಿಕೆ ಕಚ್ಚಿಕೊಂಡು ಬಂದು ನನ್ನ ಮುಂದೆ ನಿಂತಳು. ಅವಳಿಗೆ ಆಟ ಇಷ್ಟ ಅನ್ನೋದು ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಿಲ್ಲು ನನ್ನ ಒಂದು ತಿಂಗಳ ಬಾಡಿಗೆಯಷ್ಟಾಯ್ತು. ಅದು ಗೊತ್ತಾದ ಮೇಲೆ ಬಂದ ಮಾತುಗಳಿಗೆ ಇಲ್ಲಿ ಉತ್ತರ ಕೊಡ್ತೀನಿ.

ಒಂದು: "ಊರಲ್ಲಿ ಬೆಳೆದೋನು ನೀನು, ಊರಲ್ಲಿ ಯಾರಾದ್ರೂ ನಾಯಿ ಹಲ್ಲು ನೋಡ್ತಾರೇನೋ?" ಊರು ನೋಡದವರೇ ಊರಿನ ಹೆಸರಲ್ಲಿ ಇಂಥ ಮಾತಾಡೋದು ಜಾಸ್ತಿ. ನಮ್ಮದು ತುಮಕೂರು ಕಡೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಬಾಯಿ ಬಿಡಿಸಿ ನೋಡದೆ ಎತ್ತು ಹಿಡಿದವರನ್ನು ನಾನು ಕಂಡಿಲ್ಲ. ಎರಡಲ್ಲು, ನಾಕಲ್ಲು, ಆರಲ್ಲು, ಬಾಯ್ಗೂಡಿದ್ದು ಅಂತ ಹಲ್ಲಿನ ಮೇಲೇ ವಯಸ್ಸು, ವಯಸ್ಸಿನ ಮೇಲೇ ರೇಟು. ನಮ್ಮ ತಾತ "ಬಾಯಿ ನೋಡ್ದೆ ದುಡ್ಡು ಎಣಿಸ್ಬ್ಯಾಡ ಕಣಪ್ಪ" ಅಂತ ಅಪ್ಪನಿಗೆ ಹೇಳ್ತಿದ್ದುದು ನನಗೆ ನೆನಪಿದೆ. ಅಂದ್ರೆ ಪ್ರಾಣಿಯ ಬಾಯಿ ನೋಡೋದು ಹಳ್ಳಿಗೆ ಚೆನ್ನಾಗೇ ಗೊತ್ತಿತ್ತು. ಎತ್ತಿನ ಬಾಯಿ ನೋಡಿದರು, ಅದರಲ್ಲಿ ದುಡ್ಡಿತ್ತು. ನಾಯಿಯದು ನೋಡಲಿಲ್ಲ, ಅದರಲ್ಲಿ ದುಡ್ಡಿರಲಿಲ್ಲ. ಅಂಗಳದಲ್ಲಿ ಮಲಗಿದ್ದ ನಾಯಿ ಹಲ್ಲುನೋವಿಲ್ಲದೆ ಬದುಕಿತು ಅಂತ ಇದರರ್ಥ ಅಲ್ಲ, ಯಾರೂ ಕೇಳಲಿಲ್ಲ ಅಂತ. ಎರಡು ಹೊತ್ತಿನ ಊಟಕ್ಕೆ ಲೆಕ್ಕ ಹಾಕುತ್ತಿದ್ದ ಮನೆ ನಾಯಿಯ ಹಲ್ಲು ನೋಡಲಿಲ್ಲ ಅನ್ನೋದನ್ನು, ಇವತ್ತು ಎರಡು ಸಂಬಳ ಬರುವ ಮನೆ ತನ್ನ ಸಮರ್ಥನೆಗೆ ಬಳಸಿಕೊಳ್ಳೋದು ನಾಚಿಕೆಗೇಡು.

ಎರಡು: "ಅನಸ್ತೇಷಿಯಾ ಕೊಡಿಸೋಕೆ ಭಯ." ಇದು ನಿಜವಾದ ಭಯ, ನಾನು ನಗಲ್ಲ. ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಹೃದಯ ನೋಡಿಸಿ. ಗಂಟಲಿಗೆ ಟ್ಯೂಬ್ ಹಾಕ್ತಾರಾ, ಆಪರೇಷನ್ ಉದ್ದಕ್ಕೂ ಉಸಿರು, ಬಡಿತ, ಬಿಪಿ ಯಾರು ನೋಡ್ತಾರೆ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು. ಆದರೆ ಆ ಭಯದ ಹೆಸರಲ್ಲಿ "ಅನಸ್ತೇಷಿಯಾ ಇಲ್ಲದ ದಂತ ಚಿಕಿತ್ಸೆ" ಅಂತ ಜಾಹೀರಾತು ಹಾಕುವವರ ಹತ್ತಿರ ಹೋಗಬೇಡಿ. ಎಚ್ಚರ ಇರುವ ನಾಯಿಯನ್ನು ಒತ್ತಿ ಹಿಡಿದು ಮೇಲಿನ ಕೊಳೆ ಕೆರೆಯೋದು ಚಿಕಿತ್ಸೆಯೇ ಅಲ್ಲ. ರೋಗ ಇರೋದು ವಸಡಿನ ಒಳಗೆ. ಅಮೆರಿಕದ ಪಶು ದಂತವೈದ್ಯರ ಸಂಸ್ಥೆ ಎವಿಡಿಸಿ ಕೂಡ ಇದನ್ನು ಸ್ಪಷ್ಟವಾಗಿ ವಿರೋಧಿಸಿದೆ.

ಮೂರು: "ಹಲ್ಲು ಕಿತ್ತರೆ ಪಾಪ ಹೇಗೆ ತಿನ್ನುತ್ತೆ?" ದೊಡ್ಡ ನಾಯಿಗೆ 42 ಹಲ್ಲು, ನಮಗಿಂತ ಹತ್ತು ಜಾಸ್ತಿ. ನೋಯುವ ಹಲ್ಲಿಗಿಂತ ಇಲ್ಲದ ಹಲ್ಲು ವಾಸಿ. ಹಲ್ಲು ಉಳಿಸಲೇಬೇಕು ಅಂದರೆ ರೂಟ್ ಕೆನಾಲ್ ನಾಯಿಗೂ ಇದೆ. ಎಳೇ ನಾಯಿಯಾಗಿದ್ದು, ಮುರಿದು ಒಂದೆರಡು ದಿನದೊಳಗೆ ಕರೆದುಕೊಂಡು ಹೋದರೆ ಪಲ್ಪನ್ನು ಜೀವಂತ ಉಳಿಸುವ ಚಿಕಿತ್ಸೆಗೂ ಅವಕಾಶ ಇರುತ್ತೆ. ಕಾದಷ್ಟೂ ಆ ದಾರಿ ಮುಚ್ಚಿಹೋಗುತ್ತೆ. "ವೇಟ್ ಮಾಡಿ" ಅನ್ನುವ ಸಲಹೆಯ ನಿಜವಾದ ಬೆಲೆ ಇದು. ಮರಿಯ ಹಾಲುಹಲ್ಲು ಮುರಿದರೂ "ಹೇಗೂ ಬೀಳುತ್ತಲ್ಲ" ಅನ್ನಬೇಡಿ, ಅದರ ಸೋಂಕು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲನ್ನೂ ಕೆಡಿಸಬಹುದು.

ನಾಲ್ಕು: "ದುಡ್ಡು." ಹೌದು, ದುಡ್ಡು ಬೇಕು. ಆಗದವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಜಿಲ್ಲೆ ತಾಲ್ಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಮೊದಲು ಅಲ್ಲಿ ಕೇಳಿ. ಆದರೆ ಬ್ರೀಡ್ ನಾಯಿಗೆ ಸಾವಿರಾರು ರೂಪಾಯಿ ಕೊಟ್ಟು ತಂದು, ಹಲ್ಲಿಗೆ ಬಂದಾಗ ಬಡವರಾಗುವವರ ಮಾತನ್ನು ನಾನು ಒಪ್ಪಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಓದಿ. ಪ್ರಾಣಿಯನ್ನು ಇಟ್ಟುಕೊಂಡವನು ಅದರ ಕ್ಷೇಮಕ್ಕೆ, ಅದಕ್ಕೆ ಅನವಶ್ಯಕ ನೋವಾಗದಂತೆ ನೋಡಿಕೊಳ್ಳೋಕೆ ಸಾಧ್ಯವಾದ ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತೆ. ಅದು ಕರ್ತವ್ಯ. ಬೋನಸ್ ಬಂದ ತಿಂಗಳು ಮಾತ್ರ ಮಾಡುವ ಉಪಕಾರ ಅಲ್ಲ.

ಇನ್ನು ಹಲ್ಲು ಮುರಿಯೋದು ಹೇಗೆ? ಬೀದಿನಾಯಿಗೆ ನಾವು ಬೀಸುವ ಕಲ್ಲಿಂದ, ಗಾಡಿ ಗುದ್ದಿ. ಮನೆ ನಾಯಿಗೆ ಬಹಳ ಸಲ ನಮ್ಮ ಪ್ರೀತಿಯಿಂದಲೇ. ಪೆಟ್ ಅಂಗಡಿಯಲ್ಲಿ "ನ್ಯಾಚುರಲ್" ಅಂತ ಹಸಿರು ಲೇಬಲ್ ಅಂಟಿಸಿ ಮಾರುವ ಕೊಂಬು, ಗೊರಸು, ಕಲ್ಲಿನಂತೆ ಗಟ್ಟಿಯಾದ ಚೀಸ್ ಕಡ್ಡಿ. ಭಾನುವಾರದ ಮಟನ್ ಮೂಳೆ. ಆಟಕ್ಕೆ ಎಸೆಯುವ ಕಲ್ಲು. ಇಡೀ ದಿನ ಒಂಟಿಯಾಗಿ ಕೂಡಿಹಾಕಿದಾಗ ಅದು ಕಚ್ಚುವ ಕಬ್ಬಿಣದ ಸರಳು. "ತೋಳ ಮೂಳೆ ತಿನ್ನಲ್ವಾ?" ಅಂತ ಕೇಳಬೇಡಿ. ತೋಳದ ಹಲ್ಲೂ ಮುರಿಯುತ್ತೆ, ಕಾಡಿನ ಬೇಟೆ ಪ್ರಾಣಿಗಳ ತಲೆಬುರುಡೆಗಳಲ್ಲಿ ಮುರಿದ ಹಲ್ಲು ಅಪರೂಪವೇನಲ್ಲ. ಅದಕ್ಕೆ ಡಾಕ್ಟರಿಲ್ಲ, ನಿಮ್ಮ ನಾಯಿಗೆ ಇದ್ದಾರೆ, ವ್ಯತ್ಯಾಸ ಅಷ್ಟೇ. ಪಶು ದಂತವೈದ್ಯರು ಹೇಳುವ ಸರಳ ಲೆಕ್ಕ ಒಂದಿದೆ. ಅಗಿಯೋಕೆ ಕೊಡುವ ವಸ್ತುವನ್ನು ಹೆಬ್ಬೆರಳ ಉಗುರಿಂದ ಒತ್ತಿ. ಗುರುತು ಬೀಳದಿದ್ದರೆ ಅದು ಹಲ್ಲು ಮುರಿಯಬಹುದಾದಷ್ಟು ಗಟ್ಟಿ, ಕೊಡಬೇಡಿ.

ಹಲ್ಲು ಮುರಿದದ್ದು ಕಂಡರೆ ಮಾಡಬೇಕಾದ್ದು ಕಷ್ಟದ್ದೇನಲ್ಲ. ಫೋಟೋ ತೆಗೆದಿಟ್ಟುಕೊಳ್ಳಿ, ಗಟ್ಟಿ ಆಹಾರ ನಿಲ್ಲಿಸಿ, ಒಂದೆರಡು ದಿನದೊಳಗೆ ಹಲ್ಲಿನ ಎಕ್ಸ್‌ರೇ ಇರುವ ಕಡೆ ತೋರಿಸಿ. ಪ್ರತಿಯೊಂದು ಕಂದು ಚುಕ್ಕೆಯೂ ತೆರೆದ ಪಲ್ಪ್ ಅಲ್ಲ, ಸವೆದ ಹಲ್ಲಿನಲ್ಲೂ ಹಾಗೆ ಕಾಣುತ್ತೆ. ಅದನ್ನು ಡಾಕ್ಟರು ಹೇಳಲಿ, ವಾಟ್ಸಾಪ್ ಗುಂಪಲ್ಲ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಯ ಲಿವರ್, ಕಿಡ್ನಿ ಹಾಳಾಗಿ ಸಾಯಲೂಬಹುದು. ಬೀದಿನಾಯಿ ಜೊಲ್ಲು ಸುರಿಸುತ್ತಾ ಬಾಯಿ ಮುಚ್ಚಲಾಗದೆ ನಿಂತಿದ್ದರೆ ಹಲ್ಲುನೋವು ಅಂದುಕೊಂಡು ಕೈ ಹಾಕಬೇಡಿ, ಅದು ರೇಬೀಸ್ ಇರಬಹುದು. ಪ್ರಾಣಿ ರಕ್ಷಣೆಯವರನ್ನು ಕರೆಯಿರಿ.

ಇವತ್ತು ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ನಾಯಿಯ ಪಕ್ಕ ಕೂತು, ಮೆಲ್ಲಗೆ ಎರಡೂ ಕಡೆಯ ತುಟಿ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ಹಿಂದಿನ ದವಡೆಯವರೆಗೆ ನೋಡಿ. ಎಲ್ಲ ಸರಿಯಿದ್ದರೆ ಮೂವತ್ತು ಸೆಕೆಂಡ್ ಹೋಯ್ತು. ಸರಿಯಿಲ್ಲದಿದ್ದರೆ, ನಾಳೆ ಬೆಳಿಗ್ಗೆಯ ಮೊದಲ ಕಾಲ್ ಯಾರಿಗೆ ಅಂತ ನಿಮಗೆ ಗೊತ್ತಿದೆ.