ಹಂಚಿಹೋದ ಕವಿಯೇ, ಹಬ್ಬಿದ ಕವಿಯೇ?

ಕೆಲವು ತಿಂಗಳ ಹಿಂದೆ ನಮ್ಮ ಭಾಗದ ಕಾಲೇಜೊಂದರಲ್ಲಿ ನವ್ಯಕಾವ್ಯವನ್ನು ಕುರಿತು ಒಂದು ವಿಚಾರಗೋಷ್ಠಿ ನಡೆಯಿತು. ದೂರದಿಂದ ಬಂದಿದ್ದ ಹಿರಿಯ ವಿದ್ವಾಂಸರೊಬ್ಬರು ಅದರ ಅಧ್ಯಕ್ಷರು. ಶಾಲು, ಹಾರ, ಹಣ್ಣಿನ ಬುಟ್ಟಿಗಳು ಯಥಾಕ್ರಮವಾಗಿ ಸಂದ ಮೇಲೆ ಅವರು ಮಾತಿಗೆದ್ದರು. ಪಿ. ಲಂಕೇಶರ ಹೆಸರು ಬಂದಾಗ ಒಂದು ನಿಟ್ಟುಸಿರು ಬಿಟ್ಟು, "ಅವರು ಕವಿಯಾಗಿಯೇ ಉಳಿದಿದ್ದರೆ ಕನ್ನಡಕ್ಕೆ ಇನ್ನೊಬ್ಬ ದೊಡ್ಡ ಕವಿ ದಕ್ಕುತ್ತಿದ್ದ. ನಾಟಕ, ಸಿನಿಮಾ, ಪತ್ರಿಕೆ ಎಂದು ಹಂಚಿಹೋದರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ವಂದನಾರ್ಪಣೆಯ ಭಾರ ನನ್ನದಾಗಿತ್ತು. ವಂದನೆ ಅರ್ಪಿಸುವವನು ವಾದ ಹೂಡಬಾರದೆಂಬುದು ನಮ್ಮ ಸಭಾಮರ್ಯಾದೆ. ಆದ್ದರಿಂದ ಅಧ್ಯಕ್ಷರ ಮೌಲಿಕ ಚಿಂತನೆಗೆ ಕೃತಜ್ಞತೆ ಸಲ್ಲಿಸಿ, ಚಹ ಕುಡಿದು, ಸಂಜೆಯ ಬಸ್ಸು ಹತ್ತಿ ಕೊಡಂಬಲಕ್ಕೆ ಮರಳಿದೆ. ಅಂದು ನುಂಗಿದ ಮಾತು ಇಂದಿಗೂ ಅರಗಿಲ್ಲ. ಅದನ್ನು ವಾಚಕರ ಮುಂದಿಟ್ಟು ಹಗುರಾಗಬೇಕೆಂದಿದ್ದೇನೆ.

ಮೊದಲು ಎದುರು ಪಕ್ಷಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಲೆಕ್ಕಕ್ಕೆ ಕುಳಿತರೆ ವಿದ್ವಾಂಸರ ಮಾತಿನಲ್ಲಿ ಹುರುಳಿಲ್ಲದಿಲ್ಲ. 1967ರಲ್ಲಿ 'ಬಿಚ್ಚು', 1973ರಲ್ಲಿ 'ತಲೆಮಾರು'; ನಡುವೆ 1970ರಲ್ಲಿ, ಹೊಸ ಕವಿಗಳನ್ನು ಒಂದೆಡೆ ಕೂಡಿಸಿದ 'ಅಕ್ಷರ ಹೊಸ ಕಾವ್ಯ' ಎಂಬ ಸಂಪಾದನೆ; ಜೊತೆಗೆ ಫ್ರೆಂಚ್ ಕವಿ ಬೋದಿಲೇರನ 'ಪಾಪದ ಹೂಗಳು' ಕನ್ನಡಕ್ಕೆ. ಇಷ್ಟು ಬಿರುಸಿನಿಂದ ಹೊರಟ ಕವಿ ಆಮೇಲೆ ಕ್ಯಾಮೆರಾದ ಹಿಂದೆ ನಿಂತರು. ಬೆಂಗಳೂರಿನ ಅಧ್ಯಾಪಕ ವೃತ್ತಿಯನ್ನು ಬಿಟ್ಟರು. 1980ರಲ್ಲಿ 'ಲಂಕೇಶ್ ಪತ್ರಿಕೆ'ಯನ್ನು ಹೊರಡಿಸಿ, 2000ದ ಜನವರಿ 25ರಂದು ತೀರಿಕೊಳ್ಳುವವರೆಗೂ ಅದರಲ್ಲೇ ಮುಳುಗಿದ್ದರು. ಕಪಾಟಿನಲ್ಲಿ ಸಂಕಲನಗಳ ಬೆನ್ನು ಎಣಿಸಿ ಕವಿಯನ್ನು ಅಳೆಯುವುದಾದರೆ ಇದು ಕೊಂಚ ಬಡ ಫಸಲೇ ಸರಿ.

ಆದರೆ ಅಳತೆಯ ಕೋಲನ್ನೇ ಒಮ್ಮೆ ಪರೀಕ್ಷಿಸಿ ನೋಡಬಾರದೇ? ಕುವೆಂಪು ಮಹಾಕಾವ್ಯ ಬರೆದರು, ಕಾದಂಬರಿ ಬರೆದರು, ನಾಟಕ ಬರೆದರು. ಅವರು ಹಂಚಿಹೋದರೆಂದು ಯಾರೂ ಮರುಗಲಿಲ್ಲ. ಬೇಂದ್ರೆಯವರು ನಾಟಕಗಳನ್ನೂ ಬರೆದರು. ಅವು ಕವಿಯ ಬಹುಮುಖ ಪ್ರತಿಭೆಗೆ ಸಾಕ್ಷಿಯಾದುವು. ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನ, ವಿಜ್ಞಾನ ಗ್ರಂಥ ಎಂದು ಕೈಯಿಡದ ಕ್ಷೇತ್ರವಿಲ್ಲ. ಅದನ್ನು ನಾವು ಅಚ್ಚರಿಯಿಂದ ಕೊಂಡಾಡುತ್ತೇವೆ. ಹಾಗಾದರೆ ಲಂಕೇಶರ ವಿಷಯದಲ್ಲಿ ಮಾತ್ರ ನಿಟ್ಟುಸಿರೇಕೆ? ಹಲವು ಕೆಲಸಗಳನ್ನು ಮಾಡಿದ್ದು ಅವರ ತಪ್ಪಾಗಿ ಕಂಡಿಲ್ಲ. ಮಾಡಿದ ಕೆಲಸಗಳಲ್ಲಿ ಚಲಚ್ಚಿತ್ರವೂ ವಾರಪತ್ರಿಕೆಯೂ ಸೇರಿದ್ದುವೆಂಬುದೇ ತಪ್ಪಾಗಿ ಕಂಡಿದೆ. ಕಾವ್ಯ ಗರ್ಭಗುಡಿ, ನಾಟಕ ಅದರ ನವರಂಗ, ಕಾದಂಬರಿ ಪ್ರಾಕಾರ, ಸಿನಿಮಾ ಮತ್ತು ಪತ್ರಿಕೆಗೆ ಹೊರಬಾಗಿಲಲ್ಲೇ ನಿಲ್ಲುವ ಅಪ್ಪಣೆ. ಇದನ್ನು ಸಾಹಿತ್ಯ ವಿಮರ್ಶೆಯೆಂದು ಕರೆಯುವುದು ಕಷ್ಟ. ಕಲೆಗಳಿಗೂ ನಾವು ಹೊಲೆ ಮಡಿಗಳನ್ನು ಹಚ್ಚಿದ್ದೇವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತನ.

ಇಂಥ ಮಾತನ್ನು ಬೇರೆಲ್ಲಾದರೂ ಆಡಿದ್ದರೆ ಸಹಿಸಬಹುದಿತ್ತೇನೋ. ಬಸವಕಲ್ಯಾಣದ ಸೀಮೆಯಲ್ಲಿ ಆಡಬಾರದಿತ್ತು. ದೋಣಿ ನಡೆಸುವವನು, ಬಟ್ಟೆ ಮಡಿ ಮಾಡುವವನು, ಹಗ್ಗ ಹೊಸೆಯುವವನು ತಂತಮ್ಮ ಕೆಲಸ ಬಿಡದೆ ಕವಿಗಳಾದ ನೆಲ ಇದು. ಅವರು ಕೈಗೆತ್ತಿಕೊಂಡ ವಚನ ಪದ್ಯದ ನಿಯಮಕ್ಕೂ ಒಳಪಡದ, ಗದ್ಯದ ಪಟ್ಟಿಗೂ ಸೇರದ ಒಂದು ಪ್ರಯೋಗ. ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದೂಸ್ತಾನಿಗಳಲ್ಲಿ ಪದ ಕಟ್ಟಿದರು; ಅವು ಹುಟ್ಟಿದ್ದು ಹಾಡಾಗಿ, ಉಳಿದಿರುವುದೂ ಹಾಡಾಗಿ. ಕವಿತೆಯೆಂದರೆ ಅಚ್ಚಾದ ಪುಸ್ತಕ ಎಂಬ ನಂಬಿಕೆ ನಮ್ಮ ಕಡೆ ಇತ್ತೀಚಿನದು. ಅದನ್ನು ಸನಾತನವೆಂದು ತಿಳಿದವರು ಪಾಪ, ನಮ್ಮ ಕಾಲೇಜುಗಳ ಪಂಡಿತರು. ಅವರಲ್ಲಿ ನಾನೂ ಒಬ್ಬ.

ಈಗ ಒಂದೊಂದೇ ಬಾಬತ್ತನ್ನು ನೋಡೋಣ.

ನಾಟಕ. 'ಸಂಕ್ರಾಂತಿ' ಬಂದದ್ದು 1971ರಲ್ಲಿ. ವಸ್ತು ನಮ್ಮ ಕಲ್ಯಾಣದ್ದೇ: ಬಸವಣ್ಣ ಮತ್ತು ಬಿಜ್ಜಳ. ಈ ವಸ್ತುವಿಗೆ ಕೈಹಾಕಿದವರೆಲ್ಲ ಸಾಮಾನ್ಯವಾಗಿ ಕಿರೀಟ ಮತ್ತು ವಿಭೂತಿಗಳ ಭಾರಕ್ಕೆ ಬಾಗಿದ್ದಾರೆ. ಲಂಕೇಶರು ಆ ಇಬ್ಬರ ಬಗಲಿಗೆ ಉಜ್ಜ, ರುದ್ರರಂಥ ಕೇರಿಯ ಜನರನ್ನು ತಂದು ನಿಲ್ಲಿಸಿದರು; ಮತ ಬದಲಾದಾಗ ಮನುಷ್ಯನ ಒಳಗೇನು ಬದಲಾಗುತ್ತದೆ, ಏನು ಕಳೆದುಹೋಗುತ್ತದೆ ಎಂದು ಕೇಳಿದರು. ಒಮ್ಮೆ ತರಗತಿಯಲ್ಲಿ ಇದನ್ನು ಓದಿಸುತ್ತಿದ್ದಾಗ, ವರ್ಷವಿಡೀ ಬಾಯಿ ಬಿಡದಿದ್ದ ಹುಡುಗನೊಬ್ಬ ಎದ್ದು, "ಈ ಉಜ್ಜ ನಮ್ಮ ಓಣ್ಯಾಗಿನ ಮುತ್ಯಾನಂಗೇ ಹಾನ್ರಿ ಸರ್" ಎಂದ. ಮಾತಿನ ಲಯ ಕಿವಿಗೆ ಬಿದ್ದೊಡನೆ ಮನುಷ್ಯನೇ ಎದುರು ನಿಲ್ಲುವಂತೆ ಮಾಡುವುದು ಯಾರ ವಿದ್ಯೆ? ಕವಿಯ ವಿದ್ಯೆಯಲ್ಲವೇ? 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲಿ ಆಡಿಸಿದ ನಾಟಕಗಳಲ್ಲಿ ಲಂಕೇಶರು ಕನ್ನಡಕ್ಕೆ ತಂದ 'ಈಡಿಪಸ್' ಕೂಡ ಸೇರಿತ್ತು. ಗ್ರೀಕ್ ದುರಂತದ ಭಾರವನ್ನು ಹೊರಲು ಕನ್ನಡದ ವಾಕ್ಯಕ್ಕೆ ಬೆನ್ನೆಲುಬು ಬೇಕಿತ್ತು. ಅದನ್ನು ಕೊಟ್ಟವನೂ 'ಬಿಚ್ಚು' ಬರೆದ ಕವಿಯೇ.

ಚಲಚ್ಚಿತ್ರ. 1970ರ 'ಸಂಸ್ಕಾರ'ದಲ್ಲಿ ಲಂಕೇಶರು ನಾರಣಪ್ಪನಾಗಿ ಕಾಣಿಸಿಕೊಂಡರು. ಆ ಚಿತ್ರವನ್ನು ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರು ಯಾರೆಂದು ನಮ್ಮ ವಿದ್ವಾಂಸರಿಗೆ ನೆನಪಿಸಬೇಕು: 1939ರಲ್ಲೇ 'ಫಿಡೇಲು ರಾಗಾಲ ಡಜನ್' ಪ್ರಕಟಿಸಿ ತೆಲುಗು ಛಂದಸ್ಸಿನ ಮಡಿವಂತರನ್ನು ರೇಗಿಸಿದ್ದ ಪ್ರಯೋಗಶೀಲ ಕವಿ. ಕನ್ನಡದ ಹೊಸ ಚಿತ್ರದ ತೊಟ್ಟಿಲನ್ನು ತೂಗಿದ ಕೈಗಳಲ್ಲಿ ಇಬ್ಬರು ಕವಿಗಳ ಕೈ ಇದ್ದುವು. ತಮ್ಮದೇ ಕಾದಂಬರಿ 'ಬಿರುಕು'ವನ್ನು ಆಧರಿಸಿ ಲಂಕೇಶರು ತೆಗೆದ 'ಪಲ್ಲವಿ'ಗೆ 1976ರ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು. ಕೆಲಸ ಹುಡುಕುವ ಓದಿದ ತರುಣ ತರುಣಿಯರ ಬದುಕು ಅದರ ವಸ್ತು. ಅಲ್ಲಿ ಅಬ್ಬರವಿಲ್ಲ, ಮುಖಗಳಿವೆ, ಮಾತಿನ ನಡುವಣ ಮೌನವಿದೆ. 1980ರ 'ಎಲ್ಲಿಂದಲೋ ಬಂದವರು' ಚಿತ್ರಕ್ಕೆ ಬರೆದ 'ಕೆಂಪಾದವೋ' ಹಾಡನ್ನು ಆ ಚಿತ್ರವನ್ನೇ ನೋಡದವರೂ ಇಂದಿಗೂ ಗುನುಗುತ್ತಾರೆ. ಬರೆದವರಾರೆಂದು ತಿಳಿಯದೆಯೇ ಜನ ಹಾಡುವುದಕ್ಕಿಂತ ಹೆಚ್ಚಿನ ಬಿರುದು ಕವಿಗೆ ಯಾವುದಿದೆಯೋ ನಾನರಿಯೆ.

ಪತ್ರಿಕೆ. ಇಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರು. ಸಂಬಳದ ಕೆಲಸಕ್ಕೆಂದು ಹುಮನಾಬಾದಿಗೆ ಹೋದಾಗಲೆಲ್ಲ, ಚೀಲದಲ್ಲಿ ತರಕಾರಿಯ ಮೇಲೆ ಮಡಚಿಟ್ಟ 'ಲಂಕೇಶ್ ಪತ್ರಿಕೆ' ತಪ್ಪದೆ ಬರುತ್ತಿತ್ತು. ಜಾಹೀರಾತು ಒಲ್ಲದ ಪತ್ರಿಕೆ; ಓದುಗರು ಕೊಟ್ಟ ಕಾಸಿನ ಮೇಲೆ ನಿಂತದ್ದು. ನಮ್ಮ ಮನೆಯಿಂದ ಹೊರಟರೆ ಅದು ನಾಲ್ಕಾರು ಮನೆ ಸುತ್ತಿ, ಎಣ್ಣೆಯ ಕಲೆ ಹೊತ್ತು ಮರಳುತ್ತಿತ್ತು; ಕೆಲವೊಮ್ಮೆ ಮರಳುತ್ತಲೇ ಇರಲಿಲ್ಲ. ನಮ್ಮೂರ ದರ್ಜಿಯೊಬ್ಬ ಅದರಲ್ಲಿ ಬರುತ್ತಿದ್ದ 'ನೀಲು' ಎಂಬ ಪುಟ್ಟ ಪದ್ಯಗಳನ್ನು ಕತ್ತರಿಸಿ ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದ. ಆತ ಬಾಳಿನಲ್ಲಿ ಒಂದು ಕವನ ಸಂಕಲನವನ್ನೂ ಕೊಂಡವನಲ್ಲ. ನಾನು ಶಾಲೆಯ ಹುಡುಗ. ಅಂಗಿಯ ಅಳತೆ ಕೊಡಲು ನಿಂತಾಗ ಆ ಗೋಡೆಯನ್ನು ಓದುತ್ತಿದ್ದೆ. ಕವಿತೆಗೂ ನನಗೂ ಮೊದಲ ಪರಿಚಯ ಪಠ್ಯಪುಸ್ತಕದಲ್ಲಾಗಲಿಲ್ಲ, ಆ ಗೋಡೆಯ ಮೇಲಾಯಿತು.

ವಿದ್ವಾಂಸರು 'ನೀಲು'ವನ್ನು ಪತ್ರಿಕೆಯ ಮೂಲೆ ತುಂಬುವ ಚುಟುಕವೆಂದು ತಳ್ಳಿಹಾಕುತ್ತಾರೆ. ಅವರು ಗಮನಿಸದ ಸಂಗತಿ ಒಂದಿದೆ. ಕೆಲವೇ ಸಾಲು, ಹೆಣ್ಣೊಬ್ಬಳ ಕಂಠ, ಪ್ರೇಮ, ಕಾಮ, ಸಾವು, ರಾಜಕಾರಣ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹಗುರವಾಗಿ ಎತ್ತುವ ಧಾಟಿ. ಈ ರೂಪ ಹುಟ್ಟಿದ್ದೇ ವಾರಪತ್ರಿಕೆಯ ಇಕ್ಕಟ್ಟಿನಲ್ಲಿ. ವಾರವಾರವೂ ಮುದ್ರಣಕ್ಕೆ ಹೊತ್ತಾಗುವ ಅವಸರ, ಸಾಮಾನ್ಯ ಓದುಗನ ಚಂಚಲ ಕಣ್ಣು ಇವೆರಡೂ ಇಲ್ಲಿ ಛಂದಸ್ಸಿನ ಕೆಲಸ ಮಾಡಿದುವು. ಲಂಕೇಶರು ಕನ್ನಡಿಸಿದ ಬೋದಿಲೇರನೇ 1862ರಲ್ಲಿ ತನ್ನ ಗದ್ಯಕವಿತೆಗಳನ್ನು ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದ. ಪ್ಯಾರಿಸ್ಸಿನವರು ಮಾಡಿದರೆ ಅದು ಆಧುನಿಕತೆಯ ಉದಯ. ಬಸವನಗುಡಿಯಲ್ಲಿ ಅದೇ ನಡೆದರೆ ಪ್ರತಿಭೆಯ ಅಪವ್ಯಯ! ಫ್ರಾನ್ಸಿನ ಕಾಕ್ತೋ ತನ್ನ ಕಾದಂಬರಿ, ನಾಟಕ, ಚಿತ್ರಗಳೆಲ್ಲವನ್ನೂ ಕಾವ್ಯದ ಬಗೆಗಳೆಂದೇ ವಿಂಗಡಿಸಿಕೊಂಡ. ಇಟಲಿಯ ಪಸೋಲಿನಿ 1942ರಲ್ಲಿ ತನ್ನ ತಾಯಿಯ ಆಡುನುಡಿಯಲ್ಲಿ ಪದ್ಯ ಬರೆದು ಶುರುಮಾಡಿ, ಚಿತ್ರಗಳನ್ನು ತೆಗೆದು, ಕಡೆಗೆ ದಿನಪತ್ರಿಕೆಯ ಅಂಕಣಗಳಲ್ಲಿ ಅಧಿಕಾರಸ್ಥರನ್ನು ಕೆಣಕಿದ. ಇವರ ಹೆಸರನ್ನು ನಮ್ಮ ಗೋಷ್ಠಿಗಳಲ್ಲಿ ಭಕ್ತಿಯಿಂದ ಉಚ್ಚರಿಸುವ ಬಾಯಿಯೇ ಲಂಕೇಶರ ಹೆಸರಿಗೆ ನಿಟ್ಟುಸಿರು ಬಿಡುತ್ತದೆ.

ಆ ಪತ್ರಿಕೆ ಕವಿತೆಯ ಓದುಗರನ್ನಷ್ಟೇ ಅಲ್ಲ, ಲೇಖಕರನ್ನೂ ಬೆಳೆಸಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಜನರ ಕೈಸೇರಿದ್ದು ಅದರ ಪುಟಗಳ ಮೂಲಕ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು ಒಂದು ಕಾಲಕ್ಕೆ ಅದರ ವರದಿಗಾರರಾಗಿದ್ದರು. ಕವಿ ತನ್ನೊಬ್ಬನ ಸಂಕಲನ ಬೆಳೆಸುವುದನ್ನು ಬಿಟ್ಟು ಒಂದು ಭಾಷೆಯ ಗಂಟಲನ್ನು ಅಗಲ ಮಾಡಿದರೆ ಅದನ್ನು ನಷ್ಟದ ಖಾತೆಗೆ ಬರೆಯಬೇಕೇ?

ಲಂಕೇಶರಲ್ಲಿ ದೋಷವೇ ಇರಲಿಲ್ಲವೆಂದು ನಾನು ಹೇಳಲಾರೆ. ಅವರ ಚಿತ್ರಗಳೆಲ್ಲವೂ 'ಪಲ್ಲವಿ'ಯ ಮಟ್ಟದವಲ್ಲ. ಪತ್ರಿಕೆಯ ಬರವಣಿಗೆಯ ಖಾರ ಎಷ್ಟೋ ಸಲ ಅಳತೆ ಮೀರಿತು. 'ನೀಲು'ಗಳಲ್ಲಿ ಜೊಳ್ಳೂ ಇದೆ. ವಾರವಾರ ಬರೆಯುವವನಿಗೆ ಅದು ತಪ್ಪಿದ್ದಲ್ಲ. ಆದರೆ ಪ್ರಯೋಗ ಮಾಡುವವನ ಲೆಕ್ಕದಲ್ಲಿ ಸೋಲೂ ಒಂದು ಬಾಬತ್ತು. ತಿಂಗಳ ಸಂಬಳವನ್ನು ಕೈಬಿಡಲಾರದ ನಾವು, ಬಿಟ್ಟು ಹೊರಟವರ ಸೋಲನ್ನು ಎಣಿಸುವಾಗ ದನಿ ತಗ್ಗಿಸಿದರೆ ಒಳಿತು.

ಇಷ್ಟೆಲ್ಲ ಆವೇಶ ಗತಿಸಿದ ಕವಿಯೊಬ್ಬರ ಮಾನಕ್ಕಾಗಿ ಎಂದು ವಾಚಕರು ಭಾವಿಸಬಾರದು. ಅವರ ಮಾನಕ್ಕೆ ನನ್ನ ಕಾವಲು ಬೇಕಿಲ್ಲ. ಆ ಗೋಷ್ಠಿಯ ದಿನವೇ ಮಧ್ಯಾಹ್ನ ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ಇತ್ತು. ಹುಡುಗಿಯೊಬ್ಬಳು ಕಾಗದ ತರಲಿಲ್ಲ, ಮೊಬೈಲು ತಂದಳು. ಅದರಲ್ಲಿ ಅವಳ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಕಲ್ಲಿನ ಗರಗರ ಸದ್ದು, ಅಜ್ಜಿಯ ಹಾಡಿನ ಒಂದು ತುಣುಕು, ಅದರ ಮೇಲೆ ಹುಡುಗಿ ತಾನೇ ಕಟ್ಟಿದ ಪದ್ಯವನ್ನು ಓದುವ ದನಿ. ಕಲ್ಲು ಸುತ್ತುವ ವೇಗಕ್ಕೆ ಸಾಲುಗಳು ತುಂಡಾಗುತ್ತಿದ್ದುವು. ಕಾಳು ಮುಗಿದು ಕಲ್ಲು ನಿಂತಾಗ ಪದ್ಯವೂ ಅರ್ಧ ಪದದಲ್ಲಿ ನಿಂತಿತು. ಮೂವರು ತೀರ್ಪುಗಾರರು ಮುಖ ಮುಖ ನೋಡಿಕೊಂಡರು. "ಇದು ಕವನವೂ ಅಲ್ಲ, ಸಿನಿಮಾವೂ ಅಲ್ಲ" ಎಂದು ಒಬ್ಬರು, "ನಿಯಮದಲ್ಲಿ ಬರೆದ ಕವನ ಎಂದಿದೆ" ಎಂದು ಇನ್ನೊಬ್ಬರು. ಮೂರನೆಯವನು ಏನೂ ಹೇಳದೆ ತೀರ್ಪಿನ ಹಾಳೆಗೆ ಸಹಿ ಹಾಕಿದ. ಆ ಮೂರನೆಯವನು ನಾನು. ದರ್ಜಿಯ ಗೋಡೆಯಲ್ಲಿ ಕವಿತೆ ಕಲಿತವನು, ಮೊಬೈಲಿನಲ್ಲಿ ಬಂದ ಕವಿತೆಯನ್ನು ಹೊರಬಾಗಿಲಲ್ಲಿ ನಿಲ್ಲಿಸಿದೆ. ಬೆಳಗಿನ ನಿಟ್ಟುಸಿರೇ ಮಧ್ಯಾಹ್ನ ತೀರ್ಪಾಯಿತು. ಅಭಿಪ್ರಾಯಗಳು ಗೋಷ್ಠಿಯಲ್ಲಿ ಉಳಿಯುವುದಿಲ್ಲ. ಯಾರದೋ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತವೆ.

ಆದುದರಿಂದ ಪಠ್ಯ ರೂಪಿಸುವ ಮಹನೀಯರಲ್ಲಿ ನನ್ನ ವಿನಂತಿ ಇಷ್ಟು. ನಮ್ಮ ತರಗತಿಗಳಲ್ಲಿ ಲಂಕೇಶರೆಂದರೆ 'ಅವ್ವ' ಎಂಬ ಒಂದು ಪದ್ಯ ಮತ್ತು ಅದರ ಮೇಲಿನ ಐದು ಅಂಕದ ಪ್ರಶ್ನೆ. ಆ ಪದ್ಯ ಶ್ರೇಷ್ಠವೇ. ತಾಯಿಯನ್ನು ದೇವತೆಯ ಪೀಠದಿಂದಿಳಿಸಿ ಹೊಲಕ್ಕೆ ತಂದದ್ದು. ಆದರೆ ಅದರ ಮಗ್ಗುಲಲ್ಲಿ 'ಸಂಕ್ರಾಂತಿ'ಯ ಒಂದು ದೃಶ್ಯವಿರಲಿ, ಹತ್ತು 'ನೀಲು' ಇರಲಿ. 'ಪಲ್ಲವಿ'ಯನ್ನು ತರಗತಿಯಲ್ಲಿ ತೋರಿಸಿ ಅದರ ಮೇಲೂ ಪ್ರಶ್ನೆ ಕೇಳೋಣ. ಸ್ಪರ್ಧೆಯ ನಿಯಮದಲ್ಲಿ 'ಬರೆದ' ಎಂಬ ಒಂದು ಪದವನ್ನು ತೆಗೆದುಹಾಕೋಣ. ಇದಕ್ಕೆ ಸರ್ಕಾರದ ಅನುದಾನವೇನೂ ಬೇಡ.

ಹಿರಿಯ ವಿದ್ವಾಂಸರು ಇದಕ್ಕೆ ಉತ್ತರ ಬರೆಯುವ ಕೃಪೆ ಮಾಡಿದರೆ ಗೌರವದಿಂದ ಓದುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ. ಆ ಹುಡುಗಿಗೆ ಕೊಡಬೇಕಾದ ಉತ್ತರ ಮಾತ್ರ ನನ್ನದು. ನಾಳೆ ಮೊದಲ ಅವಧಿ ಅವಳ ತರಗತಿಯಲ್ಲೇ ಇದೆ.