ಅಗ್ರಣಿಯ ಉಸುಕೂ ಊರಿನ ಬಾವಿಯೂ

ಸಾಂಗಲಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿ, ಕವಠೆಮಹಾಂಕಾಳದ ಸೀಮೆಯನ್ನು ದಾಟಿ, ನಮ್ಮ ಅಥಣಿಯ ಕಡೆಗೆ ಇಳಿದು ಕೃಷ್ಣೆಯನ್ನು ಸೇರುವ ಅಗ್ರಣಿಯನ್ನು ಕೆಲವರು ನದಿಯೆನ್ನುವರು, ಕೆಲವರು ಹಳ್ಳವೆನ್ನುವರು. ಈ ಭೇದವು ಬರಿಯ ಮಾತಿನದಲ್ಲವೆಂಬುದನ್ನು ಮುಂದೆ ಅರಿಕೆ ಮಾಡಲಿದ್ದೇವೆ. ಸದ್ಯಕ್ಕೆ ನಾವು ವಾಚಕರ ಲಕ್ಷ್ಯವನ್ನು ಸೆಳೆಯಬಯಸುವುದು ಅದರ ಪಾತ್ರದಲ್ಲಿಯ ಉಸುಕು ಮತ್ತು ಗರಸಿನ ಕಡೆಗೆ.

ಚಿಕ್ಕೋಡಿ ನಿಪ್ಪಾಣಿಗಳಿಗೆ ದೂಧಗಂಗೆ ವೇದಗಂಗೆಗಳುಂಟು. ರಾಯಬಾಗಕ್ಕೂ ಕಾಗವಾಡದ ದಂಡೆಗೂ ಕೃಷ್ಣೆಯುಂಟು. 2019ರ ಆಗಸ್ಟದಲ್ಲಿಯೂ 2021ರ ಜುಲೈಯಲ್ಲಿಯೂ ಈ ಹೊಳೆಗಳು ಎಂಥ ಅನಾಹುತವನ್ನು ಮಾಡಿದವೆಂಬುದನ್ನು ಯಾರೂ ಮರೆತಿಲ್ಲ. ಆದರೆ ಅಥಣಿಯ ಉತ್ತರಕ್ಕಿರುವ ಹಳ್ಳಿಗಳ ಪಾಡೇ ಬೇರೆ. ಅವು ಮಳೆಯ ನೆರಳಿನಲ್ಲಿರುವ ಊರುಗಳು. ಅಲ್ಲಿಯ ಹಳ್ಳವು ವರ್ಷದಲ್ಲಿ ಕೆಲವು ದಿನ ಮಾತ್ರ ಹರಿಯುವುದು; ಉಳಿದ ದಿನಗಳಲ್ಲಿ ನೀರು ಮೇಲೆ ಕಾಣದೆ ಉಸುಕಿನೊಳಗೆ ಅಡಗಿರುವುದು. ದಂಡೆಯ ಬಾವಿಗಳು ಬೇಸಿಗೆಯಲ್ಲಿ ಬದುಕುವುದು ಆ ಅಡಗಿದ ನೀರಿನಿಂದಲೇ. ಒಂದು ಬಂಡಿ ಉಸುಕು ತನ್ನ ಗಾತ್ರದ ಸುಮಾರು ಮೂರನೆಯ ಒಂದು ಪಾಲಿನಷ್ಟು ನೀರನ್ನು ಹಿಡಿದಿಡಬಲ್ಲದು. ಬಿಸಿಲಿಗೆ ಅದು ಬೇಗ ಆರಿಹೋಗುವದೂ ಇಲ್ಲ. ಇಂಥ ಉಸುಕನ್ನು ಟ್ರ್ಯಾಕ್ಟರಿಗೆ ತುಂಬಿ ಮಾರುವವನು ಊರಿನ ನೀರಿನ ಕಣಜವನ್ನೇ ಒಡೆದು ಮಾರುತ್ತಾನೆ.

ಕೇಡು ಅಗೆದ ಕುಣಿಯಲ್ಲಿಯೇ ನಿಲ್ಲುವದಿಲ್ಲ. ಪಾತ್ರದಲ್ಲಿ ಆಳವಾದ ತಗ್ಗು ಬಿದ್ದರೆ, ಮುಂದಿನ ಪ್ರವಾಹವು ಆ ತಗ್ಗಿನ ಮೇಲಂಚನ್ನು ಕೊರೆಯುತ್ತ ಮೇಲಿನ ಊರಿನ ಕಡೆಗೆ ಸಾಗುವುದು. ಸೇತುವೆಯ ಕಂಬಗಳ ಬುಡವು ಬಯಲಾಗುವುದು. ತಗ್ಗಿನಲ್ಲಿ ತನ್ನ ಉಸುಕನ್ನು ಕಳೆದುಕೊಂಡ ನೀರು ಕೆಳಗಿನ ದಂಡೆಯ ಎರೆಭೂಮಿಯನ್ನು ತಿನ್ನುವುದು. ಕಡೆಗೆ ಪಾತ್ರದಲ್ಲಿ ರೇವೆಯೂ ಜಾಲಿಕಂಟಿಯೂ ಉಳಿದು, ಬಂದ ಮಳೆ ಇಂಗದೆ ಹರಿದು ಹೋಗುವುದು. ಉಸುಕು ಮಾರಿದವನು ಒಬ್ಬ, ಹೊಲ ಕಳೆದುಕೊಳ್ಳುವವನು ಮತ್ತೊಬ್ಬ.

ಗಡಿಯ ಆಚೆಗೆ ನಡೆದುದನ್ನು ಇಲ್ಲಿ ಹೇಳದಿರುವುದು ನ್ಯಾಯವಲ್ಲ. ಅತಿಕ್ರಮಣದಿಂದಲೂ ಉಸುಕಿನ ಲೂಟಿಯಿಂದಲೂ ಬತ್ತಿಹೋಗಿದ್ದ ಇದೇ ಅಗ್ರಣಿಯನ್ನು ಪುನಃ ಹರಿಯಿಸಬೇಕೆಂದು ಸಾಂಗಲಿಯ ಅಧಿಕಾರಿಗಳೂ ಗ್ರಾಮಸ್ಥರೂ 2013ರ ಸುಮಾರಿನಿಂದ ಕೈಗೂಡಿಸಿದರು. ರಾಜಸ್ಥಾನದ ಜಲತಜ್ಞ ಶ್ರೀ ರಾಜೇಂದ್ರ ಸಿಂಗರ ಮಾರ್ಗದರ್ಶನವೂ ಅದಕ್ಕೆ ಒದಗಿತು. ಪಾತ್ರವನ್ನು ಬಿಡಿಸಿದರು, ಬಾಂದಾರಗಳನ್ನು ಕಟ್ಟಿದರು. ಗಡಿಯ ವಾದದಲ್ಲಿ ಗಂಟಲು ಹರಿದುಕೊಳ್ಳುವುದರಲ್ಲಿ ನಾವು ಯಾರಿಗೂ ಹಿಂದುಳಿದವರಲ್ಲ. ಆದರೆ ಹೊಳೆಯನ್ನು ಉಳಿಸಿಕೊಳ್ಳುವ ಕಾರ್ಯದಲ್ಲಿ ನೆರೆಯವರು ನಮಗಿಂತ ಮುಂದೆ ನಡೆದರೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಇದರಲ್ಲಿ ನಮ್ಮವರು ಗಮನಿಸಬೇಕಾದ ಮಾತೊಂದುಂಟು. ಮೇಲೆ ಬಾಂದಾರಗಳಾದ ಬಳಿಕ ನೀರಿನೊಡನೆ ಉಸುಕೂ ಅಲ್ಲಲ್ಲಿ ತಡೆದು ನಿಲ್ಲುವುದು. ನಮ್ಮ ಪಾತ್ರದಲ್ಲಿರುವುದು ನೂರಾರು ವರ್ಷಗಳ ಸಂಗ್ರಹ. ಹೊಸ ಜಮೆಯಾದರೋ ಕಡಿಮೆಯಾಗುತ್ತ ಬರತಕ್ಕದ್ದು. ಆದುದರಿಂದ "ಈ ವರ್ಷ ತೆಗೆದರೆ ಮುಂದಿನ ಮಳೆಗೆ ತಾನೇ ತುಂಬುತ್ತದೆ" ಎಂಬ ಹಳೆಯ ಸಮಾಧಾನವು ಇನ್ನು ಸಲ್ಲದು.

ಕಾಯಿದೆಯ ಕೊರತೆ ಇದೆಯೇ? ನಮಗೆ ಹಾಗೆ ತೋರುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಕಲಮು ಹೊಳೆ ಹಳ್ಳಗಳ ಪಾತ್ರವೆಲ್ಲ ಸರಕಾರದ ಸ್ವತ್ತೆಂದು ಹೇಳುತ್ತದೆ. ಕ್ಷೇತ್ರವು ಐದು ಹೆಕ್ಟೇರಿಗಿಂತ ಚಿಕ್ಕದಾದರೂ ಪರಿಸರದ ಅನುಮತಿಯಿಲ್ಲದೆ ಉಸುಕಿನ ಗುತ್ತಿಗೆ ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರುವರಿಯಲ್ಲಿ ವಿಧಿಸಿತು. ಕೇಂದ್ರ ಸರಕಾರದ 2020ರ ಮಾರ್ಗಸೂಚಿಯು ಮಳೆಗಾಲದ ಮುಂಚೆಯೂ ಅನಂತರವೂ ಪಾತ್ರವನ್ನು ಅಳೆದು, ಮರಳಿ ತುಂಬಿದಷ್ಟರ ಮಿತಿಯಲ್ಲಿಯೇ ತೆಗೆಯಬೇಕೆನ್ನುತ್ತದೆ. ಕಳ್ಳ ಗಣಿಗಾರಿಕೆಗೆ ಐದು ವರ್ಷದ ವರೆಗೆ ಸಜೆಯುಂಟು.

ಇಲ್ಲಿಯೇ ನದಿ–ಹಳ್ಳಗಳ ಭೇದವು ಬರುವುದು. ನಮ್ಮ ರಾಜ್ಯದ 2020ರ ಮರಳು ನೀತಿಯು ಚಿಕ್ಕ ಹಳ್ಳಗಳ ಉಸುಕನ್ನು ಗ್ರಾಮ ಪಂಚಾಯತಿಗಳಿಗೂ ದೊಡ್ಡ ಹೊಳೆಗಳದನ್ನು ಸರಕಾರಿ ಸಂಸ್ಥೆಗಳಿಗೂ ವಹಿಸಿತು. ಅಗ್ರಣಿಯ ಯಾವ ಭಾಗಕ್ಕೆ ಯಾರು ಹೊಣೆಯೆಂಬುದನ್ನು ಹಳ್ಳಿಯ ಚಾವಡಿಯ ಮೇಲೆ ಬರೆದು ಅಂಟಿಸದಿದ್ದರೆ, ಪಂಚಾಯತಿಯು ಹೊಳೆಯೆಂದೂ ಇಲಾಖೆಯು ಹಳ್ಳವೆಂದೂ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಡುವೆ ರಾತ್ರಿಯ ಟ್ರ್ಯಾಕ್ಟರಿಗೆ ದಾರಿ ಸುಗಮ.

ಪಟ್ಟಣದ ವಾಚಕರಿಗೂ ಒಂದು ಮಾತು. ಆ ಟ್ರ್ಯಾಕ್ಟರು ಬರುವುದು ಯಾರ ಮನೆಗೆ? ನಮ್ಮ ಮುದ್ರಣಾಲಯದ ಮೇಲಂತಸ್ತು ಕಟ್ಟುವಾಗ ಬೆಳಗಾಗುವುದರೊಳಗೆ ಬಾಗಿಲಿಗೆ ಬಂದು ಬಿದ್ದ ಉಸುಕಿಗೆ ನಾವು ಪಾಸು ಕೇಳಲಿಲ್ಲ. ದರ ಅಗ್ಗವಾಯಿತೆಂದು ಸಂತೋಷಪಟ್ಟೆವು. ಈ ಲೇಖನವನ್ನು ಬರೆಯುವ ಅಧಿಕಾರ ನಮಗೆಷ್ಟಿದೆಯೆಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾದೀತು. ಗಿಲಾವಿಗೂ ಕಾಂಕ್ರೀಟಿಗೂ ಕಲ್ಲು ಅರೆದು ಮಾಡಿದ ಎಂ-ಸ್ಯಾಂಡು ದೊರೆಯುತ್ತಿರುವಾಗ, ಸರಕಾರದ ಕಟ್ಟಡಗಳಾದರೂ ಮೊದಲು ಅದನ್ನೇ ಬಳಸಿ ಮೇಲ್ಪಂಕ್ತಿ ಹಾಕಲಿ. ಸರಕಾರದ ನೆರವಿನಿಂದ ಎರಡು ಕೋಣೆಯ ಮನೆ ಕಟ್ಟಿಕೊಳ್ಳುವ ಬಡವನಿಗೆ ಪಂಚಾಯತಿಯು ನ್ಯಾಯದ ದರದಲ್ಲಿ ಅಳೆದು ಕೊಡುವ ಉಸುಕಿಗೆ ನಮ್ಮ ಆಕ್ಷೇಪವಿಲ್ಲ.

ಪುನರುದ್ಧಾರದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೂಳೆತ್ತುವ ಹೆಸರಿನಲ್ಲಿ ಉಸುಕೆತ್ತುವ ಚಮತ್ಕಾರವನ್ನು ಬೇರೆ ಬೇರೆ ಕಡೆ ಕಂಡಿದ್ದೇವೆ. ರೇವೆಯನ್ನು ತೆಗೆದು ಹೊಲಗಳಿಗೆ ಕೊಡಲಿ. ಉಸುಕು ಪಾತ್ರದಲ್ಲಿಯೇ ಉಳಿಯಲಿ. ಅಗೆದ ತಗ್ಗುಗಳನ್ನು ಸಮಮಾಡಿ, ಕುಸಿದ ದಂಡೆಗೆ ಹುಲ್ಲೂ ಹೊಂಗೆಯೂ ಹಿಡಿಯುವಂತೆ ಮಾಡುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದ್ದೇ ಗಣಿಯಿಂದ ಬಾಧಿತರಾದವರ ಹಿತಕ್ಕಾಗಿ. ಬತ್ತಿದ ಬಾವಿಯ ಒಡೆಯನೂ ಬಾಧಿತನೇ ಅಲ್ಲವೇ?

ತಾಲೂಕಿನ ಮರಳು ಉಸ್ತುವಾರಿ ಸಮಿತಿಗೆ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳ ಹಿರಿತನವಿರುವುದರಿಂದ ನಮ್ಮ ವಿಜ್ಞಾಪನೆಯು ಅವರಲ್ಲಿಯೇ. ಮಳೆಗಾಲ ಮುಗಿದೊಡನೆ ಗಡಿಯಿಂದ ಕೃಷ್ಣೆಯ ಸಂಗಮದ ವರೆಗೆ ಅಗ್ರಣಿಯನ್ನು ಅಳೆಯಿಸಬೇಕು. ಅಳತೆಯ ದಿನ ದಂಡೆಯ ರೈತರನ್ನು ಕರೆಯಬೇಕು. ಅದೇ ದಿನ ಅವರ ಬಾವಿಗಳ ನೀರಿನ ಮಟ್ಟವನ್ನೂ ಬರೆದುಕೊಳ್ಳಬೇಕು. ಆ ಎರಡು ಲೆಕ್ಕಗಳು ಗ್ರಾಮಸಭೆಯಲ್ಲಿ ಓದಲ್ಪಡುವ ತನಕ ಒಂದು ಬುಟ್ಟಿ ಉಸುಕಿಗೂ ಪಾಸು ಹೊರಡಬಾರದು. ಲೆಕ್ಕಗಳು ನಮ್ಮ ಕೈಗೆ ಬಂದರೆ ಊರೂರಿನ ಹೆಸರಿನೊಡನೆ ಈ ಪತ್ರಿಕೆಯಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.