ಗೃಹಾರೋಗ್ಯ: ಸ್ಪಾಗಳಿಗೆ ಹೋಗುವುದರಿಂದ ಪ್ರಯೋಜನವುಂಟೇ?

ಬೆಂಗಳೂರಿನ ಗೃಹಸ್ಥರಲ್ಲಿ ಹಲವರು ಈಚೆಗೆ ಶನಿವಾರ ಬಂದೊಡನೆ ಮಾಗಡಿಯ ದಾರಿ ಹಿಡಿಯುತ್ತಿರುವರು. ಸಾವನದುರ್ಗ, ಮಂಚನಬೆಲೆಗಳ ಆಸುಪಾಸಿನಲ್ಲಿ ವಿಶ್ರಾಂತಿಗೃಹಗಳು ಎದ್ದಿವೆ. ತೈಲಮರ್ದನ, ಹಬೆಯ ಸ್ನಾನ ಮೊದಲಾದ ಉಪಚಾರಗಳನ್ನು ನಡೆಸುವ ‘ಸ್ಪಾ’ಗಳ ಹೆಸರು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಹೀಗೆ ಹಣ ತೆತ್ತು ಹೋಗಿಬರುವುದರಿಂದ ದೇಹಕ್ಕೆ ನಿಜವಾಗಿ ಹಿತವುಂಟೇ ಎಂಬುದನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಂಡಿರುವೆವು.

ಮೊದಲು ಸ್ಥಳದ ಮಾತು. ಸಮುದ್ರಮಟ್ಟದಿಂದ ಸುಮಾರು 1,226 ಮೀಟರ್ ಎತ್ತರವಿರುವ ಈ ಹೆಬ್ಬಂಡೆಯು ಒಂದು ಕಾಲದಲ್ಲಿ ರೋಗಕ್ಕೇ ಹೆಸರಾಗಿದ್ದಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ದುರ್ಗವನ್ನು ಮುತ್ತಿದಾಗ, ಆ ಕಾಡಿನ ಜ್ವರವೇ ಶತ್ರುಗಳಲ್ಲಿ ಅರ್ಧದಷ್ಟು ಮಂದಿಯನ್ನು ತೀರಿಸುವುದೆಂದು ಟಿಪ್ಪುವಿನ ಕಡೆಯವರು ನೆಚ್ಚಿದ್ದರೆಂದು ಆಂಗ್ಲ ಇತಿಹಾಸಕಾರರು ಬರೆದಿರುವರು. ಈ ಹೆಸರಿಗೆ ‘ಸಾವಿನ ಬಂಡೆ’ಯೆಂದು ಅರ್ಥ ಹಚ್ಚಿದವರೂ ಅವರೇ. ದುರ್ಗವೇನೋ ಬಹುಬೇಗ ಅವರ ಕೈಸೇರಿತು. ಇಂಥ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂಬ ಹಳೆಯ ನಂಬಿಕೆಯು, 1897ರಲ್ಲಿ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಒಡಲಲ್ಲಿ ಮಲೇರಿಯಾದ ಜೀವಾಣುವನ್ನು ಕಂಡ ಮೇಲೆ ಕಳಚಿತು. ಅಂದು ಗಾಳಿಗೆ ಅಂಜಿ ದೂರ ನಿಂತ ಬಂಡೆಯ ಬುಡಕ್ಕೆ ಇಂದು ‘ಗಾಳಿಬದಲಾವಣೆ’ಗೆಂದು ಜನ ಹೋಗುತ್ತಿರುವುದು ವಿನೋದವಲ್ಲವೇ! ಇಲ್ಲಿ ಬಿಸಿನೀರಿನ ಬುಗ್ಗೆಯಿಲ್ಲ, ಔಷಧಿಜಲವಿಲ್ಲ. ಬೆಲ್ಜಿಯಂ ದೇಶದಲ್ಲಿ ಖನಿಜಜಲಕ್ಕೆ ಹೆಸರಾದ ಸ್ಪಾ ಎಂಬ ಊರಿನ ನಾಮವನ್ನು ಇಲ್ಲಿ ಎಣ್ಣೆಯ ಕೊಠಡಿಗೆ ಇಟ್ಟಿರುವರು, ಅಷ್ಟೇ.

ಹಾಗಾದರೆ ಹಿತವು ಎಲ್ಲಿಂದ ಬರುವುದು? ಇದಕ್ಕೆ ನಮ್ಮ ನಾಡಿನದೇ ನಿದರ್ಶನವೊಂದುಂಟು. 1927ರಲ್ಲಿ ಪ್ರವಾಸದ ಬಳಲಿಕೆಯಿಂದಲೂ ರಕ್ತದ ಒತ್ತಡದಿಂದಲೂ ಕುಗ್ಗಿದ್ದ ಗಾಂಧೀಜಿಯವರು ನಂದಿಬೆಟ್ಟದಲ್ಲಿ ಒಂದು ತಿಂಗಳಿಗೂ ಮಿಕ್ಕಿ ತಂಗಿ ಚೇತರಿಸಿಕೊಂಡರು. ಬೆಟ್ಟದ ತಂಪು ನೆರವಾಗಿದ್ದಿರಬಹುದು; ಆದರೆ ಊರಿಂದೂರಿಗೆ ತಿರುಗುವುದು ನಿಂತುದೇ ಮುಖ್ಯ ಚಿಕಿತ್ಸೆಯಾಯಿತೆಂದು ನಮಗೆ ತೋರುತ್ತದೆ. ಕಚೇರಿಯ ದೂರವಾಣಿಯನ್ನು ಜೇಬಿನಲ್ಲಿಟ್ಟುಕೊಂಡೇ ಎರಡು ದಿನ ಹೋಗಿಬರುವವರಿಗೆ ಆ ಫಲವನ್ನು ಯಾವ ತೈಲವು ತಾನೇ ಕೊಟ್ಟೀತು?

ಬಿಸಿನೀರೂ ಮರ್ದನವೂ ವ್ಯರ್ಥವೆಂದು ನಾವು ಹೇಳುವುದಿಲ್ಲ. ಬಿಗಿದ ಸ್ನಾಯು ಸಡಿಲುವುದು, ರಾತ್ರಿ ನಿದ್ರೆ ಹತ್ತುವುದು. ಬಳಲಿದವರಿಗೆ ಅದೇನೂ ಅಲ್ಪವಲ್ಲ. ಆದರೆ ಮಧುಮೇಹ ಇಳಿಯುವುದೆಂದಾಗಲಿ, ಬೆವರಿನಲ್ಲಿ ದೇಹದ ವಿಷವೆಲ್ಲ ಹರಿದುಹೋಗುವುದೆಂದಾಗಲಿ ಹೇಳಿದರೆ ನಂಬಲಾಗದು. ಬೆವರು ಬಹುಪಾಲು ನೀರು ಮತ್ತು ಉಪ್ಪು. ಕಲ್ಮಷವನ್ನು ಕಳೆಯುವ ಕೆಲಸವನ್ನು ಯಕೃತ್ತೂ ಮೂತ್ರಪಿಂಡಗಳೂ ಸಂಬಳವಿಲ್ಲದೆ ಮಾಡುತ್ತಲೇ ಇವೆ.

ಇಷ್ಟಕ್ಕೇ ಆದರೆ ಮನೆಯ ಹಂಡೆಯೂ ಹರಳೆಣ್ಣೆಯೂ ಸೀಗೆಪುಡಿಯೂ ಸಾಲವೇ ಎಂದು ಯಜಮಾನರು ಕೇಳಬಹುದು. ಅವರಿಗೆ ಸಾಕು, ಇದರಲ್ಲಿ ಅನುಮಾನವಿಲ್ಲ. ಆದರೆ ಹಬ್ಬದ ದಿನ ಬೆಳಗಿನ ಜಾವದಲ್ಲಿ ಎದ್ದು ನೀರು ಕಾಯಿಸಿ, ಎಲ್ಲರ ನೆತ್ತಿಗೂ ಎಣ್ಣೆಯೊತ್ತಿ, ಕಡೆಗೆ ಉಗುರುಬೆಚ್ಚಗೆ ಉಳಿದ ನೀರಿನಲ್ಲಿ ತಾನು ಮಿಂದು ಅಡಿಗೆಮನೆಗೆ ಓಡುವ ಗೃಹಿಣಿಗೆ ಆ ಸ್ನಾನವು ವಿಶ್ರಾಂತಿಯೆಂದು ಯಾರು ಹೇಳಿಯಾರು? ಮನೆಯೊಳಗೆ ಇರುವ ತನಕ ಆಕೆಗೆ ಬಿಡುವೆಂಬುದಿಲ್ಲ. ಮತ್ತೊಬ್ಬರು ಅಟ್ಟುದನ್ನುಂಡು, ಮತ್ತೊಬ್ಬರು ಕಾಯಿಸಿದ ನೀರಿನಲ್ಲಿ ಮೀಯುವ ಎರಡು ದಿನಗಳಿಗಾಗಿ ಹಣ ವೆಚ್ಚವಾದರೆ ಅದನ್ನು ದುಂದೆಂದು ನಾವು ಬಗೆಯೆವು. ಮಕ್ಕಳನ್ನೂ ಬುತ್ತಿಯನ್ನೂ ಆಕೆಗೇ ಕಟ್ಟಿ ಕಳುಹಿಸಿದರೆ ಮಾತ್ರ ಪ್ರಯಾಣವು ನಿರರ್ಥಕ.

ಹೊರಡುವವರಿಗೆ ಒಂದೆರಡು ಮಾತು. ಅಷ್ಟಾಂಗಹೃದಯವು ಅಭ್ಯಂಗವನ್ನು ನಿತ್ಯವೂ ಮಾಡಬೇಕೆಂದು ವಿಧಿಸುತ್ತಲೇ, ಕಫ ಹೆಚ್ಚಿದವರಿಗೂ ಅಜೀರ್ಣವುಳ್ಳವರಿಗೂ ಅದು ವರ್ಜ್ಯವೆನ್ನುತ್ತದೆ. ಆದುದರಿಂದ ಭರ್ಜರಿ ಊಟದ ಬೆನ್ನಿಗೇ ಮರ್ದನಕ್ಕೆ ಕರೆದರೆ ಒಪ್ಪಬೇಡಿರಿ. ಊಟಕ್ಕೆ ಮುಂಚಿನ ಹೊತ್ತನ್ನೇ ಕೇಳಿ ಗೊತ್ತುಮಾಡಿಕೊಳ್ಳಿರಿ. ಗರ್ಭಿಣಿಯರೂ ಹೃದ್ರೋಗಿಗಳೂ ರಕ್ತದ ಒತ್ತಡವುಳ್ಳವರೂ ವೈದ್ಯರನ್ನು ಕೇಳದೆ ಹಬೆಯ ಕೋಣೆಗೆ ಹೋಗಬಾರದು. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರಿಗೆ ನೀರಿನ ಸುಡುವಿಕೆ ತಿಳಿಯದು, ಜೊತೆಯವರು ಮೊದಲು ಕೈಯಿಟ್ಟು ನೋಡತಕ್ಕದ್ದು. ಮಳೆ ಬಿದ್ದ ಮೇಲೆ ಬಂಡೆ ಜಾರುವುದರಿಂದ ಬೆಟ್ಟ ಹತ್ತುವ ಹಂಬಲವನ್ನು ಬಿಸಿಲಿನ ದಿನದ ಬೆಳಗಿಗೆ ಮುಂದೂಡಿರಿ.